ಆನೆಗುಂದಿ ಬಂಡೆಗಳ ಮೇಲೆ ಫುಲ್ ಸಸ್ಪೆನ್ಷನ್ ಸೈಕಲ್: ಕೊಂಡದ್ದು, ಹೊಂದಿಸಿದ್ದು, ಓಡಿಸುತ್ತಿರುವುದು

ಗಂಗಾವತಿಯಿಂದ ಆನೆಗುಂದಿ, ಸಾಣಾಪುರ ಕಡೆ ಹೋದವರಿಗೆ ಅಲ್ಲಿನ ನೆಲ ಗೊತ್ತು. ರಸ್ತೆ ಬಿಟ್ಟು ಗುಡ್ಡದ ಕಡೆ ತಿರುಗಿದರೆ ಒಂದೇ ಥರದ ದಾರಿ ನೂರು ಹೆಜ್ಜೆಯೂ ಸಿಗುವುದಿಲ್ಲ. ಮೊದಲು ಗರಸು, ಆಮೇಲೆ ಹಾಸುಬಂಡೆ, ಅದು ಮುಗಿದಲ್ಲಿ ಮೊಣಕಾಲೆತ್ತರದ ಕಲ್ಲು, ಕಲ್ಲಿನ ಕೆಳಗೆ ಮರಳು, ಮರಳಿನ ನಡುವೆ ಮಳೆ ನೀರು ಕೊರೆದ ಕೊರಕಲು. ಈ ಗ್ರಾನೈಟ್ ಸುಮಾರು 250 ಕೋಟಿ ವರ್ಷ ಹಳೆಯದು. ಅಷ್ಟು ಕಾಲದ ಬಿಸಿಲು ಮಳೆಗೆ ಸೀಳಿ, ಸವೆದು, ದುಂಡಗಾಗಿ ಬಿದ್ದಿರುವ ಗುಂಡುಗಳು ಇವು. ಬೇರೆ ದೇಶದವರು ಬಂಡೆ ಹತ್ತಲು ಇಲ್ಲಿಗೆ ಬರುತ್ತಾರೆ. ನನಗೆ ಮಾತ್ರ ಈ ನೆಲ ಕಂಡಾಗಲೆಲ್ಲ ಇದರ ಮೇಲೆ ಸೈಕಲ್ ಓಡಿಸಬೇಕು ಅನ್ನಿಸುತ್ತಿತ್ತು.

ಹಲವು ವರ್ಷ ಹಾರ್ಡ್‌ಟೇಲ್ ಓಡಿಸಿದೆ. ಹಾರ್ಡ್‌ಟೇಲ್ ಅಂದರೆ ಮುಂದೆ ಮಾತ್ರ ಶಾಕ್ ಇರುವ, ಹಿಂದೆ ಗಟ್ಟಿ ಚೌಕಟ್ಟಿನ ಸೈಕಲ್. ಕಾಲುವೆ ದಂಡೆಗೆ, ಹೊಲದ ದಾರಿಗೆ ಅದು ಚೆನ್ನ. ತುಂಗಭದ್ರಾ ಎಡದಂಡೆ ಕಾಲುವೆಯ ಪಕ್ಕ ಬೆಳಗ್ಗೆ ಎಷ್ಟು ದೂರ ಬೇಕಾದರೂ ತುಳಿಯಬಹುದು. ಆದರೆ ಬಂಡೆ ಮೇಲೆ ಹೋದಾಗ ಅದರ ಹಿಂದಿನ ಗಾಲಿ ಪ್ರತಿ ಕಲ್ಲಿಗೂ ಎಗರುತ್ತದೆ. ಎಗರಿದ ಗಾಲಿಗೆ ಹಿಡಿತ ಇರಲ್ಲ. ಏರಿನಲ್ಲಿ ತುಳಿದ ಬಲ ಗಾಳಿಗೆ ಹೋಗುತ್ತದೆ, ಇಳಿಜಾರಿನಲ್ಲಿ ಬ್ರೇಕ್ ಹಿಡಿದರೆ ಗಾಲಿ ಜಾರುತ್ತದೆ. ಫುಲ್ ಸಸ್ಪೆನ್ಷನ್ ಅಂದರೆ ಹಿಂದೆ ಮುಂದೆ ಎರಡೂ ಕಡೆ ಶಾಕ್ ಇರುವ ಸೈಕಲ್. ಆ ಹೆಸರು ಕೇಳಿದ ಕೂಡಲೇ ಜನ ಕುಂಡಿಗೆ ಮೆತ್ತಗೆ ಇರುತ್ತೆ ಅಂದುಕೊಳ್ಳುತ್ತಾರೆ. ಮೆತ್ತಗೆ ಇರುತ್ತೆ, ನಿಜ. ಆದರೆ ಅದರ ಮುಖ್ಯ ಕೆಲಸ ಅದಲ್ಲ. ಗಾಲಿ ನೆಲ ಬಿಡದ ಹಾಗೆ ನೋಡಿಕೊಳ್ಳುವುದು ಅದರ ಕೆಲಸ. ಇದು ತಲೆಗೆ ಹೊಕ್ಕ ಮೇಲೆ ನಾನು ದುಡ್ಡು ಕೂಡಿಡೋಕೆ ಶುರು ಮಾಡಿದೆ.

ಇಲ್ಲೊಂದು ಮಾತು ಹೇಳಬೇಕು. ನಮ್ಮೂರಿನ ಸೈಕಲ್ ಅಂಗಡಿಗಳಲ್ಲಿ ಹತ್ತು ಹದಿನೈದು ಸಾವಿರಕ್ಕೆ ಹಿಂದೆ ಮುಂದೆ ಸ್ಪ್ರಿಂಗ್ ಇರುವ ಸೈಕಲ್ ಸಿಗುತ್ತವೆ. ಡ್ಯುಯಲ್ ಸಸ್ಪೆನ್ಷನ್ ಅಂತ ಸ್ಟಿಕ್ಕರ್ ಇರುತ್ತೆ. ಹೈಸ್ಕೂಲ್ ಹುಡುಗರಿಗೆ ಅದರ ಮೇಲೆ ಬಹಳ ಆಸೆ. ಅದನ್ನು ಬಂಡೆಗೆ ಒಯ್ಯಬೇಡಿ ಅಂತ ನಾನು ಕೈ ಮುಗಿದು ಹೇಳುತ್ತೇನೆ. ಅದರಲ್ಲಿ ಸ್ಪ್ರಿಂಗ್ ಮಾತ್ರ ಇದೆ, ಡ್ಯಾಂಪರ್ ಇಲ್ಲ. ಸ್ಪ್ರಿಂಗ್ ಪೆಟ್ಟನ್ನು ನುಂಗಿಕೊಳ್ಳುತ್ತದೆ, ಮರುಕ್ಷಣ ಅಷ್ಟೇ ಜೋರಾಗಿ ವಾಪಸ್ ಕೊಡುತ್ತದೆ. ಇಳಿಜಾರಿನಲ್ಲಿ ಸೀಟು ನಿಮ್ಮನ್ನು ಹ್ಯಾಂಡಲ್ ಮೇಲಿಂದ ಎತ್ತಿ ಒಗೆಯಬಹುದು. ಡ್ಯಾಂಪರ್ ಅಂದರೆ ಶಾಕಿನೊಳಗೆ ಸಣ್ಣ ತೂತುಗಳ ಮೂಲಕ ಎಣ್ಣೆ ತೂರಿ ಹೋಗುವ ಏರ್ಪಾಡು. ಪೆಟ್ಟಿನ ಶಕ್ತಿ ಅಲ್ಲಿ ಬಿಸಿಯಾಗಿ ಕಳೆದುಹೋಗುತ್ತದೆ. ನಂಬಿಕೆ ಬರದಿದ್ದರೆ ಉದ್ದನೆಯ ಇಳಿಜಾರು ಇಳಿದ ಮೇಲೆ ಒಳ್ಳೆ ಶಾಕಿನ ಮೈ ಮುಟ್ಟಿ ನೋಡಿ, ಬೆಚ್ಚಗಿರುತ್ತದೆ. ಆ ಹದಿನೈದು ಸಾವಿರಕ್ಕೆ ಇನ್ನಷ್ಟು ಸೇರಿಸಿ ಒಂದು ಗಟ್ಟಿ ಹಾರ್ಡ್‌ಟೇಲ್ ತಗೊಳ್ಳಿ, ಎಷ್ಟೋ ಮೇಲು.

ಸರಿಯಾದ ಫುಲ್ ಸಸ್ಪೆನ್ಷನ್ ಹೊಸದು ಅಂದರೆ ಲಕ್ಷದ ಮಾತು, ಅದೂ ಮೇಲಕ್ಕೇ ಹೋಗುತ್ತದೆ. ನಾನು ರೈಸ್ ಮಿಲ್ಲಿನಲ್ಲಿ ಫಿಟ್ಟರ್. ಹೊಸದು ನನಗೆ ಎಟುಕಲ್ಲ. ಹಾಗಾಗಿ ಬೆಂಗಳೂರಿನಲ್ಲಿ ಸೆಕೆಂಡ್ ಹ್ಯಾಂಡ್ ಹುಡುಕಿದೆ. ಯಂತ್ರದ ಕೆಲಸ ಗೊತ್ತಿದ್ದದ್ದು ಇಲ್ಲಿ ಬಹಳ ಉಪಯೋಗಕ್ಕೆ ಬಂತು. ಮೊದಲು ನೋಡಿದ ಸೈಕಲ್ ಬಣ್ಣ ಬಣ್ಣವಾಗಿ ಹೊಳೆಯುತ್ತಿತ್ತು. ಹಿಂದಿನ ತೋಳು ಚೌಕಟ್ಟಿಗೆ ಕೂಡುವ ಕಡೆ ವೆಲ್ಡಿಂಗ್ ಪಕ್ಕ ಬಟ್ಟೆಯಿಂದ ಒರೆಸಿ ಟಾರ್ಚ್ ಹಿಡಿದರೆ ಕೂದಲೆಳೆಯಂಥ ಗೆರೆ. ಉಗುರಿನಿಂದ ಕೆರೆದೆ, ಉಗುರು ಸಿಕ್ಕಿತು. ಬಣ್ಣದ ಗೀರಾಗಿದ್ದರೆ ಹೀಗೆ ಸಿಗಲ್ಲ, ಅದು ಬಿರುಕೇ. ಮಾರುವವರು ಅದು ಹಾಗೇ ಇರುತ್ತೆ ಅಂದರು. ನಾನು ನಮಸ್ಕಾರ ಹೇಳಿ ಹೊರಟೆ.

ಎರಡನೆಯದು ನೋಡಲು ಮಂಕಾಗಿತ್ತು, ಆದರೆ ಗಟ್ಟಿ. ಅಲ್ಯೂಮಿನಿಯಂ ಚೌಕಟ್ಟು, 29 ಇಂಚಿನ ಗಾಲಿ, ಮುಂದೆ 140 ಮಿಲಿಮೀಟರ್, ಹಿಂದೆ 130 ಮಿಲಿಮೀಟರ್ ಟ್ರಾವೆಲ್. ಟ್ರಾವೆಲ್ ಅಂದರೆ ಗಾಲಿ ಎಷ್ಟು ಮೇಲೆ ಕೆಳಗೆ ಆಡುತ್ತದೆ ಅನ್ನೋ ಲೆಕ್ಕ. ಕ್ರಾಸ್ ಕಂಟ್ರಿ ಸೈಕಲ್ಲಿಗೆ 100ರಿಂದ 120 ಇರುತ್ತದೆ, ಡೌನ್‌ಹಿಲ್ ರೇಸಿನವಕ್ಕೆ 200ರ ಆಸುಪಾಸು. ನಮ್ಮ ಗುಡ್ಡಗಳು ಬಹಳ ಎತ್ತರ ಅಲ್ಲ, ಹತ್ತೋದೂ ಇಳಿಯೋದೂ ಸಮ ಸಮ. ಅದಕ್ಕೆ ನಡುವಿನದೇ ಸರಿ, ಇಂಥದಕ್ಕೆ ಟ್ರೈಲ್ ಸೈಕಲ್ ಅನ್ನುತ್ತಾರೆ.

ಹಿಂದಿನಿಂದ ಸೀಟು ಹಿಡಿದು ಮೆಲ್ಲಗೆ ಮೇಲಕ್ಕೆತ್ತಿದೆ. ಗಾಲಿ ನೆಲ ಬಿಡುವ ಮೊದಲು ಕೈಗೆ ಒಂದು ಸಣ್ಣ ‘ಟಕ್’ ತಿಳಿಯಿತು. ಅಂದರೆ ಯಾವುದೋ ಕೀಲಿನ ಬೇರಿಂಗ್ ಸವೆದಿದೆ. ಅದು ದೊಡ್ಡ ವಿಷಯ ಅಲ್ಲ, ಬೆಲೆ ಇಳಿಸಲು ಒಳ್ಳೆ ಕಾರಣ. ಮುಂದಿನ ಫೋರ್ಕಿನ ಹೊಳೆಯುವ ಕೊಳವೆಗಳ ಮೇಲೆ ಬೆರಳು ಆಡಿಸಿದೆ. ಅಲ್ಲಿ ಗೀರು ಇದ್ದರೆ ಎಣ್ಣೆ ಸೋರುತ್ತದೆ, ಆ ಭಾಗ ಬದಲಿಸಲು ಬಹಳ ಖರ್ಚು. ನಯವಾಗಿತ್ತು. ಹಿಂದಿನ ಶಾಕ್ ಒತ್ತಿ ಬಿಟ್ಟಾಗ ಪಿಚಕ್ ಪಿಚಕ್ ಅನ್ನೋ ಸದ್ದಿಲ್ಲ, ಎಣ್ಣೆ ಪಸೆ ಇಲ್ಲ. ಹಳೆ ಬಿಲ್ಲು ಕೇಳಿ ಪಡೆದೆ, ಚೌಕಟ್ಟಿನ ನಂಬರ್ ಹೊಂದಿಸಿ ನೋಡಿದೆ. ಇಷ್ಟು ನೋಡಿದ ಮೇಲೆ ದುಡ್ಡು ಎಣಿಸಿ ಕೊಟ್ಟೆ. ಗಾಲಿ, ಪೆಡಲ್ ಬಿಚ್ಚಿ, ಹ್ಯಾಂಡಲ್ ತಿರುಗಿಸಿ, ಹಳೆ ಗೋಣಿಚೀಲ ಸುತ್ತಿ ರಾತ್ರಿ ಬಸ್ಸಿನ ಹೊಟ್ಟೆಯಲ್ಲಿ ಮಲಗಿಸಿ ತಂದೆ. ಬ್ರೇಕಿನ ಡಿಸ್ಕ್ ಬಾಗದ ಹಾಗೆ ನಡುವೆ ರಟ್ಟು ಇಟ್ಟಿದ್ದೆ.

ಮನೆ ಮುಂದೆ ಜೋಡಿಸುವಾಗ ಎದುರು ಮನೆ ಕಾಕಾ ಬಂದು ನಿಂತರು. ಶಾಕ್ ಕಡೆ ಬೆರಳು ಮಾಡಿ, “ಏನೋ ತಮ್ಮಾ, ಇಂಜಿನ್ ಎಲ್ಲೈತಿ ಇದಕ್ಕ?” ಅಂದರು. “ಇಂಜಿನ್ ಇಲ್ಲ ಕಾಕಾ, ಇದು ಗಾಳಿ ಶಾಕ್” ಅಂದೆ. ಅವರು ಪೂರ್ತಿ ಜೋಡಿಸುವವರೆಗೆ ಅಲ್ಲೇ ಕುಳಿತು ನೋಡಿದರು, ನಟ್ಟು ಎತ್ತಿ ಕೊಟ್ಟರು.

ಈಗ ನಾನು ಹೇಳಬೇಕೆಂದಿರುವ ಮುಖ್ಯ ವಿಷಯಕ್ಕೆ ಬರುತ್ತೇನೆ. ಈ ಸೈಕಲ್ ಕೊಂಡರೆ ಅರ್ಧ ಕೆಲಸ ಮಾತ್ರ ಆಯಿತು. ಅದನ್ನು ನಿಮ್ಮ ತೂಕಕ್ಕೆ ಹೊಂದಿಸದೇ ಇದ್ದರೆ ಎಷ್ಟೇ ದುಬಾರಿ ಸೈಕಲ್ ಆದರೂ ಅದು ನಿಮ್ಮದಲ್ಲ, ಮೊದಲಿನ ಮಾಲೀಕನದ್ದೇ. ಹೊಂದಿಸೋಕೆ ಬೇಕಾದದ್ದು ಒಂದು ಶಾಕ್ ಪಂಪ್, ಒಂದು ಸ್ಕೇಲು, ಅರ್ಧ ಗಂಟೆ. ಟಯರಿಗೆ ಗಾಳಿ ಹೊಡೆಯುವ ಪಂಪ್ ಇದಕ್ಕೆ ನಡೆಯಲ್ಲ. ಈ ಶಾಕಿನಲ್ಲಿ ಸ್ಪ್ರಿಂಗಿನ ಕೆಲಸ ಮಾಡುವುದು ಗಾಳಿ. ಒಳಗೆ ಜಾಗ ಬಹಳ ಕಡಿಮೆ, ಒತ್ತಡ ಬಹಳ ಜಾಸ್ತಿ. ಶಾಕ್ ಪಂಪ್ 300 ಪಿಎಸ್‌ಐವರೆಗೆ (ಪಿಎಸ್‌ಐ ಅಂದರೆ ಗಾಳಿಯ ಒತ್ತಡದ ಅಳತೆ) ಹೋಗುತ್ತದೆ, ಒಂದೊಂದು ಸಲಕ್ಕೂ ಸ್ವಲ್ಪ ಸ್ವಲ್ಪವೇ ಗಾಳಿ ತಳ್ಳುತ್ತದೆ.

ಮೊದಲು ಸ್ಯಾಗ್. ನೀವು ಸೈಕಲ್ ಮೇಲೆ ಕುಳಿತಾಗ ಬರೀ ನಿಮ್ಮ ಭಾರಕ್ಕೇ ಶಾಕ್ ಎಷ್ಟು ಕುಸಿಯುತ್ತದೆ ಅನ್ನೋದು ಸ್ಯಾಗ್. ಸ್ವಲ್ಪವೂ ಕುಸಿಯದಿದ್ದರೆ ಗಾಲಿ ತಗ್ಗಿಗೆ ಇಳಿಯಲಾರದು. ತೀರಾ ಕುಸಿದರೆ ದೊಡ್ಡ ಪೆಟ್ಟಿಗೆ ಜಾಗ ಉಳಿಯಲ್ಲ. ಟ್ರೈಲ್ ಸೈಕಲ್ಲಿನ ಹಿಂದಿನ ಶಾಕಿಗೆ ನೂರಕ್ಕೆ 25ರಿಂದ 30, ಮುಂದಿನದಕ್ಕೆ 20ರ ಆಸುಪಾಸು ಇಡುತ್ತಾರೆ. ನನ್ನ ಸೈಕಲ್ಲಿನಲ್ಲಿ ಹಿಂದಿನ ಗಾಲಿ 130 ಮಿಲಿಮೀಟರ್ ಆಡಿದರೂ ಶಾಕ್ ಕುಗ್ಗುವುದು 50 ಮಿಲಿಮೀಟರ್ ಅಷ್ಟೇ, ನಡುವೆ ಸನ್ನೆಕೋಲಿನ ಏರ್ಪಾಡು ಇದೆ. ಅಳೆಯೋದು ಶಾಕಿನ ಮೇಲೆ. ಅಂದರೆ ನೂರಕ್ಕೆ 30 ಅಂದರೆ 15 ಮಿಲಿಮೀಟರ್.

ಗುಡ್ಡಕ್ಕೆ ಹೋಗುವಾಗ ಹೇಗಿರುತ್ತೇನೋ ಹಾಗೇ ಸಿದ್ಧವಾದೆ. ಬೂಟು, ಹೆಲ್ಮೆಟ್, ಮೊಣಕಾಲು ಪ್ಯಾಡು, ನೀರು ತುಂಬಿದ ಬ್ಯಾಗು. ಎಲ್ಲ ಸೇರಿ 80 ಕೆಜಿ. ಬಹಳಷ್ಟು ಶಾಕ್‌ಗಳಿಗೆ ನಿಮ್ಮ ತೂಕ ಎಷ್ಟು ಪೌಂಡೋ ಅಷ್ಟು ಪಿಎಸ್‌ಐ ಇಟ್ಟು ಶುರು ಮಾಡಿ ಅನ್ನುತ್ತಾರೆ. 175 ಹಾಕಿದೆ. ಶಾಕಿನ ಒಳಗೆ ಎರಡು ಕೋಣೆ, ಎರಡರಲ್ಲೂ ಗಾಳಿ ಸಮ ಆಗಬೇಕು, ಅದಕ್ಕೆ ಸೀಟು ಒತ್ತಿ ಒತ್ತಿ ಹಲವು ಸಲ ನಿಧಾನಕ್ಕೆ ಕುಗ್ಗಿಸಿ ಬಿಟ್ಟೆ. ಮತ್ತೆ ಪಂಪ್ ಹಚ್ಚಿದರೆ ಮೀಟರಿನ ಮುಳ್ಳು ಕೆಳಗೆ ಇಳಿದಿರುತ್ತೆ, ಪುನಃ 175ಕ್ಕೆ ಏರಿಸಿದೆ. ಗೋಡೆಗೆ ಮೊಣಕೈ ಆನಿಸಿ ಸೈಕಲ್ ಹತ್ತಿ ಕುಳಿತು, ಕೈ ಇಳಿಬಿಟ್ಟು ಶಾಕಿನ ಮೇಲಿನ ರಬ್ಬರ್ ಉಂಗುರವನ್ನು ಸೀಲಿಗೆ ತಾಗುವ ಹಾಗೆ ಸರಿಸಿದೆ. ಅಲುಗಾಡದೆ ಮೆಲ್ಲಗೆ ಇಳಿದೆ. ಶಾಕ್ ಮೇಲೆ ಬಂತು, ಉಂಗುರ ಮಾತ್ರ ಇದ್ದಲ್ಲೇ ನಿಂತಿತು. ಅಳೆದರೆ 17 ಮಿಲಿಮೀಟರ್. ಜಾಸ್ತಿ. ಸ್ವಲ್ಪ ಸ್ವಲ್ಪ ಗಾಳಿ ಏರಿಸುತ್ತಾ, ಪ್ರತಿ ಸಲ ಹತ್ತಿ ಇಳಿದು ಅಳೆಯುತ್ತಾ ಹೋದೆ. 190ಕ್ಕೆ ಸರಿಯಾಗಿ 15 ಬಂತು.

ಪಂಪ್ ಬಿಚ್ಚುವಾಗ ‘ಉಸ್’ ಅನ್ನುತ್ತದೆ. ಶಾಕಿನ ಗಾಳಿ ಹೋಯಿತು ಅಂತ ಗಾಬರಿ ಆಗಬೇಡಿ. ಅದು ಪಂಪಿನ ಪೈಪಿನೊಳಗೆ ಉಳಿದ ಗಾಳಿ. ಮತ್ತೆ ಹಚ್ಚಿ ನೋಡಿದರೆ ಮೀಟರ್ ಕಡಿಮೆ ತೋರಿಸುತ್ತೆ, ಯಾಕಂದರೆ ಶಾಕಿನ ಗಾಳಿಯೇ ಆ ಪೈಪನ್ನು ತುಂಬಬೇಕು.

ಆಮೇಲೆ ರಿಬೌಂಡ್. ಕುಗ್ಗಿದ ಶಾಕ್ ಎಷ್ಟು ಬೇಗ ವಾಪಸ್ ಮೇಲೆ ಬರಬೇಕು ಅನ್ನೋದನ್ನು ಒಂದು ಕೆಂಪು ತಿರುಪು ನಿರ್ಧರಿಸುತ್ತದೆ. ಕೆಲವದರ ಮೇಲೆ ಮೊಲ, ಆಮೆ ಚಿತ್ರ ಇರುತ್ತವೆ. ಮೊಲದ ಕಡೆ ತೀರಾ ತಿರುಗಿಸಿದರೆ ಸೈಕಲ್ ಪುಟಿಯುತ್ತದೆ. ಆಮೆ ಕಡೆ ತೀರಾ ಹೋದರೆ ಇನ್ನೊಂದು ತೊಂದರೆ. ಒಂದರ ಹಿಂದೆ ಒಂದು ಕಲ್ಲು ಬಂದಾಗ, ಮೊದಲ ಪೆಟ್ಟಿನಿಂದ ಶಾಕ್ ಏಳುವ ಮೊದಲೇ ಎರಡನೆಯದು ಬೀಳುತ್ತದೆ, ಮೂರನೆಯದಕ್ಕೆ ಶಾಕ್ ನೆಲ ಕಚ್ಚಿರುತ್ತದೆ. ನಮ್ಮ ಕಡೆ ಕಲ್ಲು ಹೀಗೇ, ಸಾಲು ಸಾಲಾಗಿ ಇರುತ್ತವೆ. ಮನೆ ಮುಂದಿನ ಕಟ್ಟೆಯಿಂದ ಕುಳಿತೇ ಇಳಿಸಿ ನೋಡಿದೆ. ಒಂದು ಸಲ ಪುಟಿದು ನಿಂತರೆ ಸರಿ. ಅಲ್ಲಿಂದ ಮುಂದಕ್ಕೆ ಗುಡ್ಡದಲ್ಲೇ ನೋಡಬೇಕು. ಒಂದೇ ಇಳಿಜಾರು ಆರಿಸಿಕೊಂಡು ಮತ್ತೆ ಮತ್ತೆ ಇಳಿದೆ, ಸಲಕ್ಕೆ ಒಂದೇ ಕ್ಲಿಕ್ ಬದಲಿಸಿದೆ, ಪ್ರತಿಯೊಂದನ್ನೂ ಸಣ್ಣ ನೋಟ್‌ಬುಕ್ಕಿನಲ್ಲಿ ಬರೆದೆ. ಎರಡು ತಿರುಪು ಒಟ್ಟಿಗೆ ತಿರುಗಿಸಿದರೆ ಯಾವುದರಿಂದ ಏನಾಯಿತು ಅಂತ ತಿಳಿಯಲ್ಲ. ಮಿಲ್ಲಿನಲ್ಲೂ ನಮ್ಮ ಮೇಸ್ತ್ರಿ ಇದನ್ನೇ ಹೇಳಿಕೊಟ್ಟದ್ದು.

ಸರಿಯಾಗಿ ಕೂತ ದಿನ ಅದು ಕೈಗೇ ತಿಳಿಯಿತು. ಸಾಣಾಪುರ ಕೆರೆಯ ಮೇಲ್ಗಡೆ ಒಂದು ಒಡಕು ಬಂಡೆಯ ಏರು ಇದೆ. ಹಾರ್ಡ್‌ಟೇಲಿನಲ್ಲಿ ಅಲ್ಲಿ ಇಳಿದು ತಳ್ಳುತ್ತಿದ್ದೆ. ಈಗ ಸೀಟಿನಲ್ಲೇ ಕುಳಿತು, ಎದೆ ಹ್ಯಾಂಡಲ್ ಕಡೆ ಬಗ್ಗಿಸಿ, ಹಗುರ ಗೇರಿನಲ್ಲಿ ಒಂದೇ ಸಮ ತುಳಿದೆ. ಹಿಂದಿನ ಗಾಲಿ ಪ್ರತಿ ಮೆಟ್ಟಿಲಿಗೂ ಬೆಕ್ಕಿನ ಪಾದದ ಹಾಗೆ ಒತ್ತಿ ಹಿಡಿದು ಹತ್ತಿತು. ಜನ ಇಳಿಜಾರಿನ ಮಜಾ ಹೇಳುತ್ತಾರೆ, ನನಗೆ ಈ ಸೈಕಲ್ಲಿನ ದೊಡ್ಡ ಲಾಭ ಏರಿನಲ್ಲೇ ಕಂಡಿತು. ಆದರೆ ನಿಂತು ತುಳಿದರೆ ಆಗಲ್ಲ. ನಿಂತರೆ ಶಾಕ್ ಮೇಲೆ ಕೆಳಗೆ ತೂಗುತ್ತದೆ, ಬಲ ವ್ಯರ್ಥ. ಗಂಗಾವತಿಯಿಂದ ಆನೆಗುಂದಿವರೆಗಿನ ಡಾಂಬರು ರಸ್ತೆಯಲ್ಲಿ ಶಾಕಿನ ಸಣ್ಣ ಲಿವರ್ ತಿರುಗಿಸಿ ಗಟ್ಟಿ ಮಾಡಿಕೊಳ್ಳುತ್ತೇನೆ. ಗರಸು ಶುರುವಾದಲ್ಲಿ ಬಿಡುತ್ತೇನೆ.

ಇಳಿಯುವಾಗ ಸೀಟು ಕೆಳಗಿರಬೇಕು. ಇದಕ್ಕೆ ಡ್ರಾಪರ್ ಅಂತ ಇದೆ, ಹ್ಯಾಂಡಲ್ ಮೇಲಿನ ಗುಂಡಿ ಒತ್ತಿ ಮೈ ಭಾರ ಬಿಟ್ಟರೆ ಸೀಟು ಇಳಿಯುತ್ತದೆ, ಬೇಕಾದಾಗ ಗುಂಡಿ ಒತ್ತಿದರೆ ಮೇಲೆ ಬರುತ್ತದೆ. ಇದಿಲ್ಲದೆ ಬಂಡೆ ಇಳಿಯೋದು ಬೇಡ. ಪೆಡಲ್ ಎರಡೂ ಸಮ ಎತ್ತರ, ಮೊಣಕಾಲು ಮೊಣಕೈ ಸಡಿಲ, ಕಣ್ಣು ಗಾಲಿ ಕೆಳಗಿನ ಕಲ್ಲಿನ ಮೇಲಲ್ಲ, ಮುಂದೆ ಹೋಗಬೇಕಾದ ಕಡೆ. ಒಣಗಿದ ಗ್ರಾನೈಟ್ ಮೇಲೆ ಟಯರ್ ಎಷ್ಟು ಚೆನ್ನಾಗಿ ಕಚ್ಚುತ್ತದೆ ಅಂದರೆ ನಂಬೋಕೆ ಆಗಲ್ಲ, ಬಂಡೆಯ ಮೈ ಉಪ್ಪುಕಾಗದದಷ್ಟು ಒರಟು. ಆದರೆ ಅದೇ ಬಂಡೆ ಮೇಲೆ ಉದುರಿದ ಕಲ್ಲುಪುಡಿ ಇದ್ದರೆ ಜಾರುತ್ತದೆ. ಮಳೆಗಾಲದಲ್ಲಿ ನೀರು ಹರಿಯುವ ಕಡೆ ಬಂಡೆ ಕರ್ರಗೆ ಇರುತ್ತದೆ, ಅದು ಪಾಚಿ, ಅಲ್ಲಿ ಬ್ರೇಕ್ ಮುಟ್ಟಲೇಬಾರದು.

ದಾರಿ ಹುಡುಕಿಕೊಟ್ಟವರು ಕುರಿ ಕಾಯುವವರು. ಮ್ಯಾಪಿನಲ್ಲಿ ಇವು ಯಾವುವೂ ಇಲ್ಲ. ಒಂದು ಗುಡ್ಡದ ಬುಡದಲ್ಲಿ ನಾನು ಅತ್ತ ಇತ್ತ ನೋಡುತ್ತಾ ನಿಂತಾಗ ಒಬ್ಬ ಅಜ್ಜ ಕಂಬಳಿ ಹೆಗಲ ಮೇಲೆ ಹಾಕಿಕೊಂಡು ಬಂದು, “ಆ ಕಡೆ ಹೋಗಬ್ಯಾಡೋ ಯಪ್ಪಾ, ಮ್ಯಾಲೆ ಕಲ್ಲು ಕಡದೈತಿ. ಈ ಕಡಿ ಕುರಿ ದಾರಿ ಹಿಡಿ, ಕೆರಿ ಮಟಾ ಹೋಗತೈತಿ” ಅಂದರು. ಕುರಿ ನಡೆದು ನಡೆದು ಆದ ದಾರಿ ಸೈಕಲ್ಲಿಗೆ ಹೇಳಿ ಮಾಡಿಸಿದ ಹಾಗಿರುತ್ತದೆ, ಒಂದು ಗಾಲಿಯ ಅಗಲ, ಇಳುಕಲನ್ನು ಅಡ್ಡಡ್ಡ ಸುತ್ತಿ ಹೋಗುತ್ತದೆ. ಕುರಿ ಹಿಂಡು ಎದುರು ಬಂದರೆ ಇಳಿದು ನಿಲ್ಲಬೇಕು, ಬೆಲ್ ಹೊಡೆಯಬಾರದು. ಬೆದರಿದ ಮರಿ ಬಂಡೆ ಸಂದಿಗೆ ಬಿದ್ದರೆ ಅವರಿಗೆ ಎಷ್ಟು ನಷ್ಟ ಅನ್ನೋದು ನಮಗೆ ಗೊತ್ತಿರಬೇಕು.

ಇನ್ನು ಮುಳ್ಳು. ನಮ್ಮ ಜಿಲ್ಲೆಗಳಲ್ಲಿ ಸೈಕಲ್ ಓಡಿಸುವವರ ಮೊದಲ ತೊಂದರೆ ಬಂಡೆ ಅಲ್ಲ, ಬಳ್ಳಾರಿ ಜಾಲಿ. ಹಳ್ಳದ ದಂಡೆ, ಪಾಳು ಹೊಲ, ಕಾಲುವೆ ಬದು, ಎಲ್ಲ ಕಡೆ ಅದೇ. ಒಣಗಿದ ಕೊಂಬೆ ದಾರಿಗೆ ಬಿದ್ದರೆ ಮುಳ್ಳು ಮೊಳೆ ಥರ ಮೇಲೆ ನಿಂತಿರುತ್ತದೆ. ಸುಗ್ಗಿ ಮುಗಿದ ಮೇಲೆ ನೆಗ್ಗಿಲು ಮುಳ್ಳು ಬೇರೆ. ಟ್ಯೂಬ್ ಹಾಕಿಕೊಂಡು ಒಂದು ಸುತ್ತು ಪೂರ್ತಿ ಮುಗಿಸಿದ್ದೇ ಅಪರೂಪ. ಟ್ಯೂಬ್ ಇದ್ದರೆ ಇನ್ನೊಂದು ಸಮಸ್ಯೆ ಇದೆ, ಬಂಡೆ ಮೇಲೆ ಹಿಡಿತಕ್ಕೆ ಗಾಳಿ ಕಡಿಮೆ ಮಾಡಿದರೆ ಕಲ್ಲಿಗೂ ರಿಮ್ಮಿಗೂ ನಡುವೆ ಸಿಕ್ಕಿ ಟ್ಯೂಬ್ ಕತ್ತರಿಸುತ್ತದೆ. ಅದಕ್ಕೆ ಟ್ಯೂಬ್‌ಲೆಸ್ ಮಾಡಿದೆ. ರಿಮ್ಮಿಗೆ ಟೇಪು ಸುತ್ತಿ, ವಾಲ್ವ್ ಕೂಡಿಸಿ, ಟಯರಿನೊಳಗೆ 100 ಮಿಲಿಲೀಟರ್ ಸೀಲೆಂಟ್ ಸುರಿದೆ. ಸೀಲೆಂಟ್ ಅಂದರೆ ರಬ್ಬರ್ ಹಾಲು ಇರುವ ದ್ರವ. ಮುಳ್ಳು ಚುಚ್ಚಿದರೆ ಅದು ತೂತಿಗೆ ನುಗ್ಗಿ ಹೆಪ್ಪುಗಟ್ಟುತ್ತದೆ.

ಟಯರ್ ರಿಮ್ಮಿಗೆ ಕೂರಲು ಒಮ್ಮೆಲೇ ಗಾಳಿ ನುಗ್ಗಬೇಕು, ಕೈ ಪಂಪಿನಿಂದ ಆಗಲ್ಲ. ಗಾಲಿ ಹಿಡಿದುಕೊಂಡು ಲಾರಿ ಪಂಕ್ಚರ್ ಅಂಗಡಿಗೆ ಹೋದೆ. ಅಂಗಡಿಯ ಅಣ್ಣ ವಾಲ್ವ್ ನೋಡಿ, “ಇದೇನ್ರಿ ಇಷ್ಟ್ ಸಣ್ಣ ಬಾಯಿ?” ಅಂದ. ಈ ಸಣ್ಣ ಬಾಯಿಯ ವಾಲ್ವಿಗೆ ಪ್ರೆಸ್ಟಾ ಅನ್ನುತ್ತಾರೆ, ಇದಕ್ಕೆ ಹಿತ್ತಾಳೆಯ ಒಂದು ಪುಟ್ಟ ಅಡಾಪ್ಟರ್ ಬರುತ್ತದೆ, ಅದನ್ನು ತಿರುಗಿಸಿ ಕೂಡಿಸಿದರೆ ಮೋಟರ್‌ಸೈಕಲ್ ವಾಲ್ವಿನ ಬಾಯಿ ಆಗುತ್ತದೆ. ಕಂಪ್ರೆಸರ್ ಹಚ್ಚಿದ ಕೂಡಲೇ ಟಯರ್ ‘ಟಪ್, ಟಪ್’ ಅಂತ ಎರಡೂ ಕಡೆ ರಿಮ್ಮಿಗೆ ಕೂತಿತು. ಅಲ್ಲೇ ನಿಲ್ಲಿಸಲು ಹೇಳಿದೆ, ಜಾಸ್ತಿ ಹೊಡೆದರೆ ಅಪಾಯ. ಮನೆಗೆ ಬಂದು ಗಾಳಿ ಇಳಿಸಿ ಮುಂದೆ 22, ಹಿಂದೆ 25 ಪಿಎಸ್‌ಐ ಇಟ್ಟೆ. ಆಮೇಲೆ ಟಯರಿನಿಂದ ಮುಳ್ಳು ಕೀಳುವಾಗ ಬಿಳಿ ಹನಿ ಹೊರಗೆ ಬಂದು, ಗಾಲಿ ತಿರುಗಿಸಿದರೆ ನಿಂತುಹೋಗುತ್ತದೆ. ನೋಡೋಕೇ ಖುಷಿ. ಆದರೆ ನಮ್ಮ ಬೇಸಿಗೆಯಲ್ಲಿ ಸೀಲೆಂಟ್ ಬಹಳ ಬೇಗ ಒಣಗುತ್ತದೆ. ಗಾಲಿ ಬಿಚ್ಚಿ ಕಿವಿ ಹತ್ತಿರ ಅಲುಗಿಸಿ ನೋಡಬೇಕು. ಒಳಗೆ ಕುಲುಕುವ ಸದ್ದು ಇಲ್ಲದಿದ್ದರೆ ಮತ್ತೆ ಹಾಕಬೇಕು.

ಬೇಸಿಗೆ ಇನ್ನೊಂದು ಕೆಲಸ ಮಾಡುತ್ತದೆ. ಬೆಳಗ್ಗೆ 25 ಡಿಗ್ರಿಯಲ್ಲಿ 190 ಇಟ್ಟ ಶಾಕ್, ಬಿಸಿಲಲ್ಲಿ ನಿಂತು 45 ಡಿಗ್ರಿಗೆ ಕಾದರೆ ಹದಿಮೂರು ಹದಿನಾಲ್ಕು ಪಿಎಸ್‌ಐ ಜಾಸ್ತಿ ಆಗಿರುತ್ತದೆ. ಗಾಳಿ ಕಾದರೆ ಹಿಗ್ಗುತ್ತೆ, ಅಷ್ಟೇ ವಿಷಯ. ಆದರೆ ಬಂಡೆ ಮೇಲೆ ವ್ಯತ್ಯಾಸ ತಿಳಿಯುತ್ತದೆ. ಅದಕ್ಕೆ ಏಪ್ರಿಲ್ ಮೇ ತಿಂಗಳಿಗೆ ನನ್ನ ನೋಟ್‌ಬುಕ್ಕಿನಲ್ಲಿ ಬೇರೆ ಅಂಕಿ ಇದೆ.

ಕೀಲಿನ ಬೇರಿಂಗ್ ಬಗ್ಗೆ ಹೇಳಲೇಬೇಕು, ಯಾಕಂದರೆ ಇದರ ಖರ್ಚಿಗೆ ಹೆದರಿ ಜನ ಈ ಸೈಕಲ್ ಬೇಡ ಅನ್ನುತ್ತಾರೆ. ತೋಳು ಬಿಚ್ಚಿ ಬೇರಿಂಗ್ ಹೊರಗೆ ತೆಗೆದೆ. ಕೆಂಪು ಮಣ್ಣು, ಹಳೆ ಗ್ರೀಸು ಸೇರಿ ಗಟ್ಟಿ ಕೆಸರಾಗಿತ್ತು. ಒರೆಸಿದರೆ ರಬ್ಬರ್ ಸೀಲಿನ ಮೇಲೆ 6902 ಅನ್ನೋ ನಂಬರ್. ಒಳ ಅಳತೆ 15, ಹೊರ ಅಳತೆ 28, ದಪ್ಪ 7 ಮಿಲಿಮೀಟರ್. ಗಂಗಾವತಿ ಅಂದರೆ ರೈಸ್ ಮಿಲ್ಲುಗಳ ಊರು, ಬೇರಿಂಗ್ ಅಂಗಡಿಗೆ ಬರ ಇಲ್ಲ. ನಂಬರ್ ಹೇಳಿದೆ, ಅವರು ಡಬ್ಬಿ ತೆಗೆದು ಕೊಟ್ಟರು. ಒಂದು ವ್ಯತ್ಯಾಸ ಇದೆ. ಸೈಕಲ್ ಕೀಲು ಪೂರ್ತಿ ಸುತ್ತುವುದಿಲ್ಲ, ಸ್ವಲ್ಪ ಕೋನ ಮಾತ್ರ ಹಿಂದೆ ಮುಂದೆ ಆಡುತ್ತದೆ. ಅದಕ್ಕೆ ಕಂಪನಿಯವರು ಒಳಗೆ ಕೇಜ್ (ಗುಂಡುಗಳನ್ನು ಬಿಡಿಬಿಡಿಯಾಗಿ ಹಿಡಿದಿಡುವ ಬಳೆ) ಇಲ್ಲದೆ ತುಂಬಾ ಗುಂಡು ತುಂಬಿದ ಬೇರಿಂಗ್ ಹಾಕಿರುತ್ತಾರೆ, ಭಾರ ಜಾಸ್ತಿ ತಡೆಯಲಿ ಅಂತ. ಅಂಗಡಿಯದು ಕೇಜ್ ಇರುವುದು. ಅದು ಕೂರುತ್ತದೆ, ನಡೆಯುತ್ತದೆ, ಸ್ವಲ್ಪ ಬೇಗ ಸವೆಯುತ್ತದೆ. ನಾನು ಅದನ್ನು ಹಾಕಿಕೊಂಡೇ ಓಡಿಸಿದೆ, ಸರಿಯಾದದ್ದು ತರಿಸಿದ ಮೇಲೆ ಬದಲಿಸಿದೆ. ಕೂಡಿಸುವಾಗ ಸುತ್ತಿಗೆ ಮುಟ್ಟಲಿಲ್ಲ. ಉದ್ದ ಬೋಲ್ಟು, ಎರಡು ವಾಷರ್, ಹೊರ ಅಂಚಿಗೆ ಮಾತ್ರ ತಾಗುವ ಅಳತೆಯ ಸಾಕೆಟ್ ಇಟ್ಟು ನಿಧಾನಕ್ಕೆ ಬಿಗಿದು ಎಳೆದೆ. ಬೋಲ್ಟುಗಳನ್ನು ಟಾರ್ಕ್ ರೆಂಚಿನಲ್ಲಿ ಚೌಕಟ್ಟಿನ ಮೇಲೆ ಬರೆದಷ್ಟೇ ಬಿಗಿದೆ. ಅಂದಾಜಿಗೆ ಬಿಗಿದರೆ ಅಲ್ಯೂಮಿನಿಯಂ ಎಳೆ ಕಿತ್ತು ಬರುತ್ತದೆ.

ಶಾಕಿನ ಗಾಳಿ ಡಬ್ಬಿಯನ್ನು 50 ಗಂಟೆ ಓಡಿಸಿದ ಮೇಲೆ ಬಿಚ್ಚಿ ಒರೆಸಿ ಸೀಲ್ ನೋಡಿ ಅಂತ ಕೈಪಿಡಿ ಹೇಳುತ್ತದೆ. ನಮ್ಮ ಧೂಳಿಗೆ ಅದು ಸರಿಯಾದ ಮಾತು. ಬಿಚ್ಚುವ ಮೊದಲು ಗಾಳಿ ಪೂರ್ತಿ ಬಿಡಬೇಕು, ಕುಗ್ಗಿಸಿ ಮತ್ತೊಮ್ಮೆ ಬಿಡಬೇಕು. ಒಳಗೆ ಒತ್ತಡ ಉಳಿದಿದ್ದರೆ ಡಬ್ಬಿ ಗುಂಡಿನ ಹಾಗೆ ಹಾರುತ್ತದೆ. ಒಳಗೆ ಮಿಲ್ಲಿನ ಗ್ರೀಸ್ ಹಚ್ಚಬಾರದು, ಗಟ್ಟಿ ಆಗುತ್ತೆ, ಶಾಕಿಗೆ ಅಂತಲೇ ತೆಳುವಾದ ಗ್ರೀಸ್ ಬರುತ್ತದೆ. ಡ್ಯಾಂಪರ್ ಭಾಗ ಮಾತ್ರ ನಾನು ಮುಟ್ಟಲ್ಲ. ಅದರಲ್ಲಿ ನೈಟ್ರೋಜನ್ ತುಂಬಿರುತ್ತಾರೆ, ಬೆಂಗಳೂರಿಗೇ ಕಳಿಸಬೇಕು. ತೊಳೆಯೋದೂ ಹಾಗೆ, ಬೈಕ್ ವಾಷಿಂಗಿನ ಜೋರು ನೀರು ಬೇಡ, ಬೇರಿಂಗ್ ಸೀಲಿನೊಳಗೆ ನೀರು ನುಗ್ಗುತ್ತದೆ. ಬಕೆಟ್ಟು, ಬಟ್ಟೆ, ಹಳೆ ಹಲ್ಲುಜ್ಜುವ ಬ್ರಷ್ ಸಾಕು. ಮಳೆ ಬಿದ್ದ ಮರುದಿನ ಎರೆ ಹೊಲದ ದಾರಿಗೆ ಹೋಗಲೇಬಾರದು. ಆ ಮಣ್ಣು ಟಯರಿಗೆ ಮೆತ್ತಿ ಮೆತ್ತಿ ಗಾಲಿ ತೋಳಿನ ನಡುವೆ ಸಿಕ್ಕಿ ನಿಂತುಬಿಡುತ್ತದೆ. ಬಂಡೆ ಕಡೆ ಮಾತ್ರ ಅರ್ಧ ದಿನದಲ್ಲಿ ಒಣಗುತ್ತದೆ.

ಎಲ್ಲಿ ಓಡಿಸಬಾರದು ಅನ್ನೋದೂ ಅಷ್ಟೇ ಮುಖ್ಯ. ಹಂಪಿ 1986ರಿಂದ ವಿಶ್ವ ಪರಂಪರೆಯ ತಾಣ, ಆನೆಗುಂದಿಯಲ್ಲೂ ಹೆಜ್ಜೆಗೊಂದು ಹಳೆಯ ಮಂಟಪ, ಕೋಟೆ ಗೋಡೆ. ಅವುಗಳ ಮೆಟ್ಟಿಲ ಮೇಲೆ, ಕಟ್ಟೆಗಳ ಮೇಲೆ ಸೈಕಲ್ ಹತ್ತಿಸಿ ಫೋಟೋ ತೆಗೆಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಹಿರೇಬೆಣಕಲ್ ಗುಡ್ಡಕ್ಕೂ ನಾನು ಬುಡದವರೆಗೆ ಮಾತ್ರ ಸೈಕಲ್ ಒಯ್ಯುತ್ತೇನೆ. ಮೇಲೆ ಎರಡು ಸಾವಿರ ವರ್ಷಕ್ಕೂ ಹಳೆಯ ಕಲ್ಲಿನ ಮನೆಗಳಂಥ ಗೋರಿಗಳು ನೂರಾರು ಇವೆ, ತೆಳು ಚಪ್ಪಡಿ ನಿಲ್ಲಿಸಿ ಕಟ್ಟಿದವು. ಅಲ್ಲಿ ನಡೆದೇ ಹೋಗಬೇಕು. ಇನ್ನು ಚಿರತೆ, ಕರಡಿ. ಹೊಳೆಯಾಚೆ ದರೋಜಿಯಲ್ಲಿ 1994ರಿಂದ ಕರಡಿಧಾಮವೇ ಇದೆ, ಈಚೆ ಗುಡ್ಡಗಳ ಗವಿಗಳಲ್ಲೂ ಅವು ಇರುತ್ತವೆ. ಬಿಸಿಲು ಏರಿದ ಮೇಲೆ ಹೋಗಿ, ಹೊತ್ತು ಮುಳುಗುವ ಮೊದಲು ರಸ್ತೆಗೆ ಬಂದುಬಿಡಬೇಕು. ಒಬ್ಬರೇ ಹೋಗಬಾರದು.

ನನ್ನ ಜೊತೆ ಈಗ ಅಕ್ಕನ ಮಗಳು ಬರುತ್ತಾಳೆ. ಕಾಲೇಜು ಓದುತ್ತಾಳೆ, ಎತ್ತರ ನನ್ನಷ್ಟೇ, ತೂಕ ಬ್ಯಾಗು ಸೇರಿ 54 ಕೆಜಿ. ಮೊದಲು ನನ್ನ ಸೆಟ್ಟಿಂಗಿನಲ್ಲೇ ಒಂದು ಸುತ್ತು ಹೊಡೆಸಿದೆ, ವ್ಯತ್ಯಾಸ ಆಕೆಗೇ ತಿಳಿಯಲಿ ಅಂತ. ಬಂದವಳೇ, “ಮಾಮಾ, ಇದೇನ್ ಮೆತ್ತಗಿಲ್ಲಲ್ಲ, ನನ್ ಹಳೀ ಸೈಕಲ್ ಹಂಗೇ ಕುಟ್ಟತೈತಿ” ಅಂದಳು. ಸರಿಯಾಗಿ ಹೇಳಿದ್ದಳು. ನನ್ನ ಭಾರಕ್ಕೆ ತುಂಬಿದ ಗಾಳಿ ಆಕೆಯ ಭಾರಕ್ಕೆ ಕುಸಿಯೋದೇ ಇಲ್ಲ. ಪಂಪ್ ಆಕೆಯ ಕೈಗೇ ಕೊಟ್ಟೆ. ಉಂಗುರ ಸರಿಸಿ, ಅಳೆದು, ಗಾಳಿ ಬಿಟ್ಟು, ಮತ್ತೆ ಅಳೆದು 130ರ ಹತ್ತಿರ ತಂದಳು. ಗಾಳಿ ಕಡಿಮೆ ಆದರೆ ಶಾಕ್ ಮೇಲೇಳುವ ಬಲವೂ ಕಡಿಮೆ, ಹಾಗಾಗಿ ರಿಬೌಂಡ್ ತಿರುಪನ್ನೂ ಮೊಲದ ಕಡೆ ಕೆಲವು ಕ್ಲಿಕ್ ತಿರುಗಿಸಿದಳು. ಎರಡನೇ ಸುತ್ತಿಗೆ ಅದೇ ಬಂಡೆಯ ಏರನ್ನು ಕಾಲು ಊರದೆ ಹತ್ತಿದಳು.

ನೋಟ್‌ಬುಕ್ಕಿನಲ್ಲಿ ಈಗ ಎರಡು ಪುಟ ಇವೆ, ಒಂದು ಆಕೆಯದು, ಒಂದು ನನ್ನದು. ಸೈಕಲ್ ಕೊಳ್ಳೋ ಮೊದಲು ಓಡಿಸಿ ನೋಡಬೇಕು ಅನ್ನುವವರು ಗಂಗಾವತಿ, ಕೊಪ್ಪಳ ಕಡೆ ಇದ್ದರೆ ನನ್ನದನ್ನೇ ಓಡಿಸಬಹುದು, ನಾನು ಸಂತೋಷದಿಂದ ಕೊಡುತ್ತೇನೆ. ಬೂಟು, ಬ್ಯಾಗು ಸಮೇತ ತೂಕ ನೋಡಿಕೊಂಡು ಬನ್ನಿ. ಹೆಲ್ಮೆಟ್ ನಿಮ್ಮದೇ ತನ್ನಿ, ಪಂಪ್ ನನ್ನ ಹತ್ತಿರ ಇದೆ.